ಫಿಲಿಪೀನ್ಸಿನ ಹಳೇ ಬೋಲೋ ಕತ್ತಿ: ಅಲಗು ಗಟ್ಟಿ, ಒರೆಗೆ ಮಲೆನಾಡಿನ ಮಳೆ ಆಗಲ್ಲ

ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡಿದ್ದು. ಚೌಕಾಸಿ ಮಾಡಿ 6,500 ರೂಪಾಯಿ. 'ನೂರು ವರ್ಷ ದಾಟಿದ ಯುದ್ಧದ ಕತ್ತಿ ಸಾರ್' ಅಂತ ಅಂಗಡಿಯವರು ಕಥೆ ಕಟ್ಟಿದರು. ಅಷ್ಟೆಲ್ಲ ಏನಿಲ್ಲ. ಬೋಲೋ ಅಂದರೆ ಫಿಲಿಪೀನ್ಸಿನ ರೈತರ ಕತ್ತಿ. ತೆಂಗಿನಕಾಯಿ ಒಡೆಯಲು, ಬಿದಿರು ಕಡಿಯಲು, ಗಿಡಗಂಟಿ ಸವರಲು. 1896ರಲ್ಲಿ ಸ್ಪೇನಿನವರ ಮೇಲೆ ದಂಗೆ ಎದ್ದಾಗ ಬಂದೂಕು ಸಾಲದೆ ಜನ ಇದನ್ನೇ ಹಿಡಿದು ಹೋದರು, ಅದು ನಿಜ. ಆದರೆ ನನ್ನದು ಲಾರಿ ಸ್ಪ್ರಿಂಗ್ ಪ್ಲೇಟ್ ಕಾಯಿಸಿ ಬಡಿದದ್ದು. ಹಿಡಿಯ ಹತ್ತಿರ ಪ್ಲೇಟಿನ ಬೋಲ್ಟ್ ತೂತು ಅರ್ಧ ಹಾಗೇ ಉಳಿದಿದೆ. ನಮ್ಮ ಸಾಗರದ ಕಡೆ ಕಮ್ಮಾರರೂ ಅದೇ ಪ್ಲೇಟು ತರುತ್ತಾರೆ, ಅಲ್ವಾ?

ಅಲಗಿನ ಒಂದು ಮೈ ಚಪ್ಪಟೆ. ಇನ್ನೊಂದು ಮೈಗೆ ಮಾತ್ರ ಇಳಿಜಾರು, ಬಡಗಿಯ ಉಳಿ ಥರ. ಫಿಲಿಪೀನ್ಸಿನ ನಡುಭಾಗದ ವಿಸಾಯಸ್ ದ್ವೀಪಗಳ ಕತ್ತಿಗಳಲ್ಲಿ ಇದು ಜಾಸ್ತಿ. ಬಿದಿರನ್ನು ಓರೆಯಾಗಿ ಹೊಡೆದರೆ ಒಂದೇ ಏಟಿಗೆ ತುಂಡು. ನೆಟ್ಟಗೆ ಸೀಳಲು ಹೋದರೆ ಪಕ್ಕಕ್ಕೆ ಎಳೆಯುತ್ತದೆ. ಈ ಇಳಿಜಾರು ಬಲಗೈಯವರಿಗೆ ಹೊಂದುವಂಥದ್ದು, ನನ್ನ ತಮ್ಮ ಎಡಚ. ಸ್ವಲ್ಪ ಹೊತ್ತು ಒದ್ದಾಡಿ, ಬೈದುಕೊಂಡು ಕೆಳಗಿಟ್ಟ.

ನಾನು ದುಡ್ಡು ಕೊಟ್ಟಿದ್ದು ಒರೆಗೆ. ಎರಡು ಹಲಗೆಗಳನ್ನು ಒಳಗೆ ಅಲಗಿನ ಅಳತೆಗೆ ತೋಡಿ, ಜೋಡಿಸಿ, ಬೆತ್ತದಿಂದ ಬಿಗಿದಿದ್ದಾರೆ. ಒಂದು ಮೊಳೆ ಇಲ್ಲ. ಮರ ನಾರಾ ಅಂದರು. ಇದನ್ನು ಮಾತ್ರ ನಂಬಿದೆ. ನಾರಾ ನಮ್ಮ ಹೊನ್ನೆಯ ದಾಯಾದಿ, ಎಳೆ ನೋಡಿದರೆ ಗೊತ್ತಾಗುತ್ತದೆ. ಮೇಲೆಲ್ಲ ಬಳ್ಳಿ ಕೆತ್ತನೆ. ಗುಡಿಗಾರರ ಗಂಧದ ಕೆಲಸ ನೋಡಿ ಬೆಳೆದ ಕಣ್ಣಿಗೆ ಒರಟೇ. ಒಂದು ಎಲೆ ಇದ್ದ ಹಾಗೆ ಇನ್ನೊಂದಿಲ್ಲ. ಒಂದು ಕಡೆ ಉಳಿ ಜಾರಿ ಬಳ್ಳಿ ದಾಟಿ ಗೀರು ಹೋಗಿದೆ. ಪುಣ್ಯಾತ್ಮ ಆ ಗೀರನ್ನೇ ನಡುವಿನ ನರ ಮಾಡಿ, ಸುತ್ತ ಒಂದು ಎಲೆ ಬಿಡಿಸಿಬಿಟ್ಟಿದ್ದಾನೆ! ಅಂಗಡಿಯಲ್ಲಿ ನಾನು ಸೋತಿದ್ದು ಅಲ್ಲೇ.

ಒಂದು ಎಚ್ಚರಿಕೆ. ಒರೆಯನ್ನು ಮುಷ್ಟಿ ಸುತ್ತಿ ಹಿಡಿದು ಕತ್ತಿ ಎಳೆಯಬೇಡಿ. ಹಲಗೆ ಕೂಡುವ ಸಂದಿ ಅಲಗಿನ ಬಾಯಿಯ ಕಡೆಗೇ ಇದೆ. ಬೆತ್ತ ಸಡಿಲವಾಗಿದ್ದರೆ ಬೆರಳು ಹೋಯಿತು. ಬೆನ್ನಿನ ಕಡೆ ಒತ್ತಿ ಹಿಡಿದು ತೆಗೆಯಬೇಕು.

ಇನ್ನು ಮಳೆಗಾಲ. ಆಷಾಢದ ಜಡಿಮಳೆಗೆ ಹಲಗೆ ಉಬ್ಬಿ ಕತ್ತಿ ಹೊರಗೇ ಬರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ತೆಗೆದರೆ ಅಲಗಿನ ತುಂಬ ತುಕ್ಕಿನ ಚುಕ್ಕೆ. ಈಗ ಮಳೆ ಹಿಡಿಯುವ ಮೊದಲೇ ಕೊಬ್ಬರಿ ಎಣ್ಣೆ ಸವರಿ ಕತ್ತಿ ಬೇರೆ, ಒರೆ ಬೇರೆ ಇಡುತ್ತೇನೆ.

ತೋಟದ ಕೆಲಸಕ್ಕಷ್ಟೇ ಬೇಕಿದ್ದರೆ ಸುಮ್ನೆ ಊರಿನ ಕಮ್ಮಾರರ ಹತ್ತಿರ ಹೋಗಿ, ತುಂಬ ಕಮ್ಮಿಗೆ ಆಗುತ್ತದೆ. ಕೆತ್ತನೆಯ ಹುಚ್ಚಿದ್ದರೆ ಇದನ್ನು ಕೊಳ್ಳಬಹುದು, ಆದರೆ 5,000 ದಾಟಬೇಡಿ. ಮನೆ, ಹೊಲದ ಬಳಕೆಯದಲ್ಲದ ಕತ್ತಿಯ ಅಲಗು 9 ಇಂಚು ಮೀರಿದರೆ ಆಯುಧ ನಿಯಮದ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ 'ಯುದ್ಧದ ಕತ್ತಿ' ಅಂತ ಬಿಲ್ಲಿನಲ್ಲಿ ಬರೆಯಲು ಬಿಡಬೇಡಿ.