ಸೋಲಾರಿಸ್‌ನ ಫಾರ್ಮ್ಯಾಟ್: ಲೇಬಲ್ ಕೆಟ್ಟ ಡಿಸ್ಕ್‌ಗೆ ಇದೇ ಮೊದಲ ಮದ್ದು
ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಳೇ ಸ್ಕಸಿ (ಒಂದು ಬಗೆಯ ಜೋಡಣೆಯ) ಹಾರ್ಡ್ ಡಿಸ್ಕ್ ಕೊಂಡು, ಸೋಲಾರಿಸ್ ಆಪರೇಟಿಂಗ್ ಸಿಸ್ಟಂ ಓಡುವ ಸನ್ ವರ್ಕ್‌ಸ್ಟೇಷನ್‌ಗೆ ಹಾಕಿದಿರಿ, ‘ಕರಪ್ಟ್ ಲೇಬಲ್, ರಾಂಗ್ ಮ್ಯಾಜಿಕ್ ನಂಬರ್’ ಎಂದು ಬಂತು. ದಯವಿಟ್ಟು ಗುಜರಿಗೆ ಹಾಕಬೇಡಿ. ಎಷ್ಟೋ ಸಲ ಕೆಟ್ಟಿರುವುದು ಮೊದಲ ಸೆಕ್ಟರಿನ 512 ಬೈಟ್ ಮಾತ್ರ, ಅಂದರೆ ಡಿಸ್ಕಿನ ಸ್ಲೈಸ್‌ಗಳ (ಭಾಗಗಳ) ಲೆಕ್ಕ ಬರೆದಿಟ್ಟಿರುವ ಲೇಬಲ್. ಕಾರಣ ಹೀಗೂ ಇರಬಹುದು: ಸಿಲಿಂಡರ್ (ಡಿಸ್ಕಿನ ಟ್ರ್ಯಾಕ್‌ಗಳ ಗುಂಪು) 0ರಿಂದ ಶುರುವಾಗುವ ಸ್ಲೈಸನ್ನು ಡೇಟಾಬೇಸಿಗೆ ನೇರವಾಗಿ ಕೊಟ್ಟರೆ ಅದು ಲೇಬಲ್ ಮೇಲೆಯೇ ಬರೆದುಬಿಡುತ್ತದೆ, ಅಂಥ ಸ್ಲೈಸನ್ನು ಸಿಲಿಂಡರ್ 1ರಿಂದ ಶುರುಮಾಡಿ.

ಇದನ್ನು ಸರಿಪಡಿಸುವ ಸೋಲಾರಿಸ್‌ನ ‘ಫಾರ್ಮ್ಯಾಟ್’ ಟೂಲಿನ ನಿಜವಾದ ಬಲ ‘ಬ್ಯಾಕಪ್’ ಕಮಾಂಡ್. ಸಿಡಿಯಿಂದ ಸಿಂಗಲ್ ಯೂಸರ್ ಮೋಡಿನಲ್ಲಿ ಬೂಟ್ ಮಾಡಿ, ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ‘ಫಾರ್ಮ್ಯಾಟ್’ ಕೊಟ್ಟು ಡಿಸ್ಕ್ ಆರಿಸಿ. ‘ಲೇಬಲ್ ಇಟ್ ನೌ’ ಎಂದು ಕೇಳಿದರೆ ‘ನೋ’ ಅನ್ನಿ. ‘ಎಸ್’ ಅಂದರೆ ಹಳೇ ಸ್ಲೈಸ್‌ಗಳ ಲೆಕ್ಕವೇ ಅಳಿದುಹೋಗುತ್ತದೆ, ಎಚ್ಚರ! ಆಮೇಲೆ ‘ಬ್ಯಾಕಪ್’: ಡಿಸ್ಕಿನ ಕೊನೆಯ ಸಿಲಿಂಡರಿನಲ್ಲಿ ಅಡಗಿರುವ ಲೇಬಲ್ ಪ್ರತಿಯನ್ನು ಹುಡುಕಿ ತಂದು ಬರೆಯುತ್ತದೆ. ‘ವೆರಿಫೈ’ಯಿಂದ ಸ್ಲೈಸ್ ನೋಡಿ, ‘ಎಫ್‌ಎಸ್‌ಸಿಕೆ -ಎನ್’ ಕಮಾಂಡಿನಿಂದ ಫೈಲ್ ಸಿಸ್ಟಂ ಅನ್ನು ಏನೂ ಬರೆಯದೆ ಪರೀಕ್ಷಿಸಿ.

ಪಿಸಿಯಿಂದ ಬಂದ ಡಿಸ್ಕಿನಲ್ಲಿ ಆ ಪ್ರತಿ ಇರುವುದಿಲ್ಲ. ಡೇಟಾ ಬೇಡವಾದರೆ ‘ಟೈಪ್’ನಲ್ಲಿ ಆಟೋ ಕಾನ್ಫಿಗರ್ ಆರಿಸಿ, ‘ಲೇಬಲ್’ ಕೊಟ್ಟರೆ ಸಾಕು.

ಒಂದು ದೊಡ್ಡ ಕೊರತೆ: ಡಿಸ್ಕನ್ನೇ ಒರೆಸಿಹಾಕುವ ‘ಫಾರ್ಮ್ಯಾಟ್’ ಕಮಾಂಡ್ ಕೂಡ ಇದೇ ಮೆನುವಿನಲ್ಲಿ, ಇದೇ ಹೆಸರಿನಲ್ಲಿದೆ. ಅದನ್ನು ಮುಟ್ಟಬೇಡಿ.