ಸಿಂಗಪುರದ ಹವಾಮಾನ ಸೇವೆ: ವರ್ಷವಿಡೀ ಮಳೆಯ ಊರಿಗೆ ತಕ್ಕ ಮುನ್ಸೂಚನೆ

ಸಿಂಗಪುರ ಹವಾಮಾನ ಸೇವೆಯ ಜಾಲತಾಣವನ್ನು ನಿತ್ಯ ಬಳಸುವ ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಸಮಭಾಜಕ ವೃತ್ತಕ್ಕೆ ಅಂಟಿಕೊಂಡಂತಿರುವ ಈ ದ್ವೀಪದಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ ವರ್ಷವಿಡೀ 31ರಿಂದ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಇರುತ್ತದೆ. ವರ್ಷಕ್ಕೆ ಸರಾಸರಿ 2,100 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮಳೆಯಿಲ್ಲದ ತಿಂಗಳೆಂಬುದೇ ಇಲ್ಲ. ಹೀಗಾಗಿ ಇಲ್ಲಿ ತಿಳಿಯಬೇಕಾದದ್ದು ಮಳೆ ಯಾವ ಗಳಿಗೆಯಲ್ಲಿ, ಯಾವ ಬಡಾವಣೆಯಲ್ಲಿ ಬರುತ್ತದೆ ಎಂಬುದು.

ಈ ಸೇವೆಯ ನಿಜವಾದ ಬಲವಿರುವುದು ಮಳೆಯ ರಾಡಾರ್ ನಕ್ಷೆಯಲ್ಲಿ. ನೈಋತ್ಯ ಮಾನ್ಸೂನಿನ ತಿಂಗಳುಗಳಲ್ಲಿ ಸುಮಾತ್ರಾದ ಮೇಲೋ ಮಲಕ್ಕಾ ಜಲಸಂಧಿಯಲ್ಲೋ ಹುಟ್ಟುವ ಬಿರುಮಳೆಯ ಸಾಲು ಬೆಳಗಿನ ಜಾವ ಹಳದಿ, ಕೆಂಪು ಬಣ್ಣದ ಉದ್ದನೆಯ ಪಟ್ಟಿಯಾಗಿ ಪಶ್ಚಿಮದಿಂದ ಸರಿದು ಬರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆ ಜೋರಾಗಿ ಸುರಿದು ಹೋಗುವ ಈ ಮಳೆ ದ್ವೀಪದ ಪಶ್ಚಿಮದ ಜುರಾಂಗ್ ದಾಟಿತೇ, ಪೂರ್ವ ತುದಿಯ ಚಾಂಗಿ ತಲುಪಿತೇ ಎಂದು ನೋಡಿಕೊಂಡು ಮನೆಯಿಂದ ಹೊರಡಬಹುದು. ಪ್ರದೇಶವಾರು ಎರಡು ಗಂಟೆಗಳ ಮುನ್ಸೂಚನೆಯೂ ಉಪಯುಕ್ತವೇ.

ನಾಲ್ಕು ದಿನಗಳ ಮುನ್ನೋಟ ಮಾತ್ರ ನನಗೆ ಅಷ್ಟು ಹಿಡಿಸುವುದಿಲ್ಲ. ಇಡೀ ದ್ವೀಪಕ್ಕೆ ಒಂದೇ ಮಾತು ಹೇಳುವುದರಿಂದ, ಏಪ್ರಿಲ್–ಮೇ ತಿಂಗಳ ಮಧ್ಯಾಹ್ನದ ಗುಡುಗುಮಳೆ ನಮ್ಮ ಬೀದಿಗೆ ಬರುವುದೋ ಇಲ್ಲವೋ ಅದರಿಂದ ತಿಳಿಯದು. ಊರಿನಿಂದ ಬರುವ ನೆಂಟರಿಗೆ ತಿಂಗಳು ಸೂಚಿಸಬೇಕಾದಾಗ ನಾನು ತೆರೆಯುವುದು ಹವಾಗುಣದ ಪುಟವನ್ನು: ನವೆಂಬರ್, ಡಿಸೆಂಬರ್, ಜನವರಿಗಳಲ್ಲಿ ಮಳೆ ಹೆಚ್ಚು, ಫೆಬ್ರವರಿಯಲ್ಲಿ ಎಲ್ಲಕ್ಕಿಂತ ಕಡಿಮೆ ಎಂಬುದನ್ನು ಅದು ಸರಳ ನಕ್ಷೆಗಳೊಂದಿಗೆ ತಿಳಿಸುತ್ತದೆ.