ಪುಟ್ಟ ಮಕ್ಕಳ ಜೊತೆ ವಿಯೆಟ್ನಾಂ ಹಳ್ಳಿಗಾಡು: ನಿನ್ ಬಿನ್ ಮೇಲೋ, ಮಾಯ್ ಚೌ ಮೇಲೋ?

ನನ್ನ ತವರು ತೀರ್ಥಹಳ್ಳಿ ಕಡೆ. ನಾನು ಚಿಕ್ಕವಳಿದ್ದಾಗ ಮನೆಯ ಜಗಲಿಯಲ್ಲಿ ಕೂತರೆ ಎದುರಿಗೆ ಗದ್ದೆ ಕಾಣುತ್ತಿತ್ತು, ಈಗ ಅದೇ ಜಾಗದಲ್ಲಿ ಅಡಿಕೆ ತೋಟ. ನನ್ನ ಮಕ್ಕಳು, ಏಳು ವರ್ಷದ ಮಗಳು ಮತ್ತು ಮೂರೂವರೆ ವರ್ಷದ ಮಗ, ಅಜ್ಜನ ಮನೆಗೆ ಎಷ್ಟು ಸಲ ಹೋದರೂ ಗದ್ದೆ ಅಂಚಿನ ಮೇಲೆ ಒಂದು ದಿನ ನಡೆದವರಲ್ಲ. ಬೇಸಿಗೆ ರಜೆಗೆ ವಿಯೆಟ್ನಾಂ ಎಂದು ತೀರ್ಮಾನವಾದಾಗ ಹಾ ಲಾಂಗ್ ಕೊಲ್ಲಿಯನ್ನೂ ದೊಡ್ಡ ಊರುಗಳನ್ನೂ ಬದಿಗಿಟ್ಟು, ಬರೀ ಹಳ್ಳಿಗಾಡನ್ನೇ ಆರಿಸಿಕೊಂಡೆ. "ಗದ್ದೆ ನೋಡೋಕೆ ವಿಮಾನ ಹತ್ತಬೇಕೇನೇ?" ಎಂದು ಅಪ್ಪ ಕೇಳಿದರು. ಹೌದು, ಅದಕ್ಕೇ ಹತ್ತಿದೆವು.

ಮೇ ಮಧ್ಯದಿಂದ ತಿಂಗಳ ಕೊನೆಯವರೆಗೆ ನಾಲ್ಕು ಕಡೆ ಉಳಿದೆವು. ದಕ್ಷಿಣದ ಮೆಕಾಂಗ್ ಬಯಲಿನ ಬೆನ್ ಟ್ರೆಯಲ್ಲಿ ಮೂರು ರಾತ್ರಿ, ನಡುನಾಡಿನ ಹೊಯ್ ಆನ್ ಪಕ್ಕದ ಹಳ್ಳಿಯಲ್ಲಿ ನಾಲ್ಕು, ಉತ್ತರದ ನಿನ್ ಬಿನ್‌ನಲ್ಲಿ ಮೂರು, ಕೊನೆಗೆ ಮಾಯ್ ಚೌ ಕಣಿವೆಯಲ್ಲಿ ನಾಲ್ಕು. ಸಾಪಾ ಬೇಕೆಂದೇ ಬಿಟ್ಟೆ. ಹನೋಯ್‌ನಿಂದ ಐದಾರು ಗಂಟೆ ಬಸ್ಸು, ಮೇಲೆ ಕಡಿದಾದ ಕೆಸರು ದಾರಿ. ಮಗನನ್ನು ಹೊತ್ತು ಅಲ್ಲಿ ಇಳಿದು ಹತ್ತುವ ಧೈರ್ಯ ನನಗಿರಲಿಲ್ಲ.

ನಾಲ್ಕನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ. ಮಗು "ನಾನು ಇಳೀತೀನಿ" ಅಂದಾಗ ಅಲ್ಲೇ, ಆಗಲೇ ಇಳಿಸಲು ಆಗುತ್ತದಾ? ಈ ಲೆಕ್ಕದಲ್ಲಿ ಮಾಯ್ ಚೌ ಗೆದ್ದಿತು, ಅದೂ ದೊಡ್ಡ ಅಂತರದಿಂದ. ಚೆಲುವಿನ ಲೆಕ್ಕ ಹಿಡಿದರೆ ನಿನ್ ಬಿನ್‌ಗೆ ಸರಿಸಾಟಿ ಇಲ್ಲ. ಈ ಎರಡರ ನಡುವೆಯೇ ನಿಜವಾದ ಪೈಪೋಟಿ, ಹಾಗಾಗಿ ಉಳಿದೆರಡನ್ನು ಮೊದಲು ಹೇಳಿ ಮುಗಿಸುತ್ತೇನೆ.

ಬೆನ್ ಟ್ರೆ: ತೆಂಗು, ಕಾಲುವೆ, ಮತ್ತು ನನ್ನ ಭಯ

ಹೋ ಚಿ ಮಿನ್ ನಗರದಿಂದ ಸುಮಾರು 85 ಕಿಲೋಮೀಟರ್, ಎರಡು ಗಂಟೆಯ ದಾರಿ. ಇಳಿದ ಕೂಡಲೇ ತಿಪಟೂರು ನೆನಪಾಗುವಷ್ಟು ತೆಂಗು. ತೆಂಗಿನ ಹಾಲು, ಸಕ್ಕರೆ ಮತ್ತು ಮೊಳಕೆ ಧಾನ್ಯದ ಪಾಕವನ್ನು ಕಡಾಯಿಯಲ್ಲಿ ಕುದಿಸಿ ಮಿಠಾಯಿ ಮಾಡುವ ಮನೆಗಳಿವೆ. ಮೇಲೆ ಸುತ್ತಿದ ತೆಳು ಅಕ್ಕಿ ಹಾಳೆಯನ್ನೂ ತಿನ್ನಬಹುದು ಎಂದು ತಿಳಿದಾಗ ಮಕ್ಕಳಿಗಾದ ಬೆರಗು ಹೇಳತೀರದು. ಎರಡೂ ಬದಿಯ ನೀರುತೆಂಗಿನ ಗರಿಗಳು ತಲೆಯ ಮೇಲೆ ಕಮಾನು ಕಟ್ಟಿದ ಸಣ್ಣ ಕಾಲುವೆಯಲ್ಲಿ ಪುಟ್ಟ ದೋಣಿಯ ಸವಾರಿಯೂ ಸೊಗಸು. ನೆರಳಿದೆ, ಬೇಗ ಮುಗಿಯುತ್ತದೆ.

ಆದರೆ ಅಲ್ಲಿ ಮನೆಯ ಅಂಗಳ ಮುಗಿದಲ್ಲಿ ನೀರು ಶುರು. ನಾವಿದ್ದ ಮನೆಯ ಕಾಲುವೆ ಕಡೆಗೆ ಬೇಲಿ ಇರಲಿಲ್ಲ. ಸಮುದ್ರದ ಉಬ್ಬರ ಇಳಿತ ಈ ಕಾಲುವೆಗಳವರೆಗೂ ಬರುವುದರಿಂದ, ಬೆಳಗ್ಗೆ ಕೆಸರು ಕಂಡ ಕಡೆ ಮಧ್ಯಾಹ್ನ ಆಳೆತ್ತರದ ನೀರು ನಿಂತಿರುತ್ತಿತ್ತು. ವಿಯೆಟ್ನಾಂನಲ್ಲಿ ಮಕ್ಕಳ ಸಾವಿಗೆ ನೀರಿನಲ್ಲಿ ಮುಳುಗುವುದು ಒಂದು ಪ್ರಮುಖ ಕಾರಣ ಎಂದು ಹೊರಡುವ ಮೊದಲು ಓದಿದ್ದೆ. ಮೂರು ದಿನವೂ ಮಗನ ಅಂಗಿಯ ತುದಿ ನನ್ನ ಕೈಯಲ್ಲೇ ಇತ್ತು. ಈಜು ಬಲ್ಲ ಮಕ್ಕಳಿದ್ದರೆ ಬೆನ್ ಟ್ರೆ ಚಿನ್ನದಂಥ ಜಾಗ. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಹಗಲು ಹೋಗಿ ಸಂಜೆ ಬಂದುಬಿಡಿ.

ಎಲ್ಲಿಗೇ ಹೋಗಲಿ, ಮಕ್ಕಳ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಊರಿಂದಲೇ ಒಯ್ಯಿರಿ. ನಮಗೆ ದೋಣಿಗಳಲ್ಲಿ ಸಿಕ್ಕವು ದೊಡ್ಡವರ ಅಳತೆಯವು, ಮಗನ ತಲೆಯೇ ಅದರೊಳಗೆ ಜಾರಿ ಹೋಗುತ್ತಿತ್ತು.

ಹೊಯ್ ಆನ್: ಎಲ್ಲಕ್ಕಿಂತ ಸುಲಭ

ಹಳೇ ಪೇಟೆಯಿಂದ ಸುಮಾರು ಮೂರು ಕಿಲೋಮೀಟರ್ ದೂರದ ಟ್ರಾ ಕ್ವೆ ಸೊಪ್ಪು ಬೆಳೆಯುವ ಊರು. ನದಿಯ ಪಾಚಿಯನ್ನು ತಂದು ಮಣ್ಣಿಗೆ ಗೊಬ್ಬರವಾಗಿ ಸೇರಿಸುವುದು ಅಲ್ಲಿಯವರ ಹಳೇ ಪದ್ಧತಿ. ಹೆಗಲ ಮೇಲೆ ಅಡ್ಡೆ, ಅದರ ಎರಡೂ ತುದಿಗೆ ನೀರಿನ ಡಬ್ಬ, ಮಡಿಗಳ ನಡುವೆ ನಡೆಯುತ್ತಲೇ ಎರಡೂ ಬದಿಗೆ ಮಳೆಯಂತೆ ನೀರು ಸುರಿಯುತ್ತಾರೆ. ಮಕ್ಕಳಿಗೂ ಪುಟ್ಟ ಡಬ್ಬ ಕೊಟ್ಟರು. ಇದೆಲ್ಲ ಪ್ರವಾಸಿಗರಿಗಾಗಿ ಮಾಡಿದ ಏರ್ಪಾಡು ಎಂದು ದೊಡ್ಡವರಿಗೆ ಅನಿಸಬಹುದು. ಮಗಳಿಗೆ ಅದರ ಗೊಡವೆ ಇರಲಿಲ್ಲ. ಅವಳು ತುಳಸಿಯ ನಾಲ್ಕು ಬಗೆಯನ್ನು ಮೂಸಿ ಮೂಸಿ ಬೇರೆ ಮಾಡುತ್ತಿದ್ದಳು.

ಕಾಮ್ ತಾನ್‌ನ ಬುಟ್ಟಿದೋಣಿ ನೋಡಿದರೆ ಹಂಪಿಯ ಹರಿಗೋಲಿನ ಅಣ್ಣತಮ್ಮ. ಬಿದಿರಿನ ಹೆಣಿಗೆ, ಮೇಲೆ ಮರದ ಅಂಟಿನ ಲೇಪ. ಆದರೆ ಅಲ್ಲಿ ಧ್ವನಿವರ್ಧಕದ ಹಾಡು ಕಿವಿಗೆ ರಾಚುತ್ತದೆ, ದೋಣಿಯನ್ನು ಬುಗುರಿಯಂತೆ ತಿರುಗಿಸುವ ಆಟ ಬೇರೆ. ಮಗ ಕಿವಿ ಮುಚ್ಚಿಕೊಂಡು ಅತ್ತ. ಬೆಳಗ್ಗೆ ಏಳರೊಳಗೆ ಹೋದರೆ ಸದ್ದಿರುವುದಿಲ್ಲ, ಮರುದಿನ ಹಾಗೆ ಹೋದೆವು. ಊರೆಲ್ಲ ಸಮತಟ್ಟು, ಹಿಂದೆ ಮಗುವಿನ ಸೀಟಿರುವ ಸೈಕಲ್ ಸಿಗುತ್ತದೆ, ಆನ್ ಬಾಂಗ್ ಕಡಲತೀರ ಹತ್ತಿರದಲ್ಲೇ ಇದೆ. ಮೊದಲ ಸಲ ಮಕ್ಕಳನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೋಗುವವರಿಗೆ ಇದೇ ಸರಿ. ಹಳ್ಳಿ ಎನ್ನುವುದಕ್ಕಿಂತ ಪೇಟೆಯ ಹಿತ್ತಲು ಎನ್ನಬೇಕು, ಅಷ್ಟೇ ಕೊರತೆ.

ನಿನ್ ಬಿನ್: ಕಣ್ಣಿಗೆ ಹಬ್ಬ, ಕಾಲಿಗೆ ಕಟ್ಟು

ಹನೋಯ್‌ನಿಂದ ದಕ್ಷಿಣಕ್ಕೆ ಸುಮಾರು 95 ಕಿಲೋಮೀಟರ್, ಒಳ್ಳೆಯ ಹೆದ್ದಾರಿ, ಎರಡು ಗಂಟೆ. ಯಾಣದ ಬಂಡೆ ನೋಡಿದವರಿಗೆ ಸುಣ್ಣಕಲ್ಲು ನೆಲದಿಂದ ನೆಟ್ಟಗೆ ಏಳುವುದು ಹೊಸದಲ್ಲ. ಆದರೆ ಅಂಥವು ನೂರಾರು, ಅವುಗಳ ಬುಡದಲ್ಲಿ ನೀರು, ನೀರಿನ ಎರಡೂ ದಡಕ್ಕೆ ಹಣ್ಣಾದ ಭತ್ತ. ಟ್ರಾಂಗ್ ಆನ್ ಎಂಬ ಈ ಇಡೀ ಪ್ರದೇಶ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಮೇ ಕೊನೆಯ ವಾರದಿಂದ ಜೂನ್ ಮೊದಲ ದಿನಗಳವರೆಗೆ ತಾಮ್ ಕೊಕ್‌ನ ಗದ್ದೆ ಹಳದಿಯಾಗುತ್ತದೆ. ನಮ್ಮ ಶಾಲೆಗಳ ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ! ಇದು ಕನ್ನಡದ ಮನೆಗಳಿಗೆ ಸಿಕ್ಕ ಭಾಗ್ಯವೆಂದೇ ನಾನು ತಿಳಿದಿದ್ದೇನೆ.

ತಾಮ್ ಕೊಕ್ ಎಂದರೆ ಮೂರು ಗುಹೆ. ದೋಣಿ ನ್ಗೊ ಡೊಂಗ್ ಹೊಳೆಯಲ್ಲಿ ಮೂರರೊಳಗೂ ನುಸುಳಿ ವಾಪಸ್ ಬರುತ್ತದೆ, ಒಂದೂವರೆಯಿಂದ ಎರಡು ಗಂಟೆ. ಮೊದಲ ಗುಹೆಯೇ 127 ಮೀಟರ್ ಉದ್ದ. ಹುಟ್ಟು ಹಾಕುವವರು ಹಿಂದಕ್ಕೆ ಒರಗಿ, ಎರಡೂ ಪಾದಗಳಿಂದ ಹುಟ್ಟು ತಿರುಗಿಸುತ್ತಾರೆ, ಸೈಕಲ್ ತುಳಿದ ಹಾಗೆ. ನಮ್ಮ ದೋಣಿಯ ಹೆಂಗಸಿಗೆ ನನ್ನ ಅಮ್ಮನ ವಯಸ್ಸಿರಬಹುದು. ಮಗಳು ಬೆಟ್ಟ ನೋಡಲಿಲ್ಲ, ಗದ್ದೆ ನೋಡಲಿಲ್ಲ, ಇಡೀ ದಾರಿ ಆ ಪಾದಗಳನ್ನೇ ನೋಡುತ್ತ ಕೂತಳು. ದಡಕ್ಕೆ ಬಂದಾಗ ಆಕೆಯ ಕೈಗೆ ಸ್ವಲ್ಪ ಹೆಚ್ಚು ಹಣ ಇಟ್ಟೆವು, ನೀವೂ ಇಡಿ.

ಮಗನದು ಬೇರೆ ಕಥೆ. ಮೊದಲ ನಲವತ್ತು ನಿಮಿಷ ಖುಷಿ. ಆಮೇಲೆ ದಡದಲ್ಲಿ ಬಾತುಕೋಳಿ ಕಂಡಿತು. "ಇಳೀತೀನಿ." ಇಳಿಯುವಂತಿಲ್ಲ. ಎಮ್ಮೆ ಕಂಡಿತು. "ಇಳೀತೀನಿ ಅಮ್ಮಾ!" ಅಲ್ಲಿಂದ ವಾಪಸ್ ಬರುವವರೆಗೆ ಅಳು. ಮೇಲೆ ನೆರಳಿಲ್ಲ, ಎಂಟೂವರೆಗೇ ಬಿಸಿಲು ಬೆನ್ನು ಸುಡುತ್ತಿತ್ತು. ಕಣ್ಣೆದುರು ಅಷ್ಟು ಗದ್ದೆ ಇದ್ದೂ ಒಂದು ತೆನೆ ಅವನ ಕೈಗೆ ಸಿಗಲಿಲ್ಲ ಎಂಬ ಸಂಕಟ ನನಗೆ ಅವನಿಗಿಂತ ಹೆಚ್ಚು.

ಮರುದಿನ ಟ್ರಾಂಗ್ ಆನ್ ದೋಣಿ. ಅದು ಸುಮಾರು ಮೂರು ಗಂಟೆಯದು, ಗುಹೆಗಳು ಹೆಚ್ಚು, ಕೆಲವೆಡೆ ಚಾವಣಿ ಎಷ್ಟು ತಗ್ಗೆಂದರೆ ದೊಡ್ಡವರು ಮಡಿಲಿಗೆ ತಲೆ ಬಾಗಿಸಬೇಕು. ಆದರೂ ನನಗೆ ತಾಮ್ ಕೊಕ್‌ಗಿಂತ ಇದೇ ಮೇಲೆನಿಸಿತು. ನಡುನಡುವೆ ಗುಡಿಗಳ ಬಳಿ ದೋಣಿ ನಿಲ್ಲುತ್ತದೆ, ಮಕ್ಕಳು ಇಳಿದು ಓಡಾಡಬಹುದು. ಗುಹೆಯೊಳಗಿನ ತಂಪು ಬೇರೆ. ಗದ್ದೆ ಮಾತ್ರ ಇಲ್ಲಿಲ್ಲ. ಹಾಂಗ್ ಮುವಾ ಬೆಟ್ಟಕ್ಕೆ ಸುಮಾರು 500 ಮೆಟ್ಟಿಲು. ನನ್ನ ಗಂಡ ಮಗಳನ್ನು ಕರೆದುಕೊಂಡು ಬೆಳಗಿನ ಆರಕ್ಕೇ ಹತ್ತಿ ಬಂದರು, ನಾನು ಮಗನೊಂದಿಗೆ ಕೆಳಗೆ ತಾವರೆ ಕೊಳದ ಬಳಿ ಉಳಿದೆ. ತುದಿಯಲ್ಲಿ ಬಂಡೆ ಚೂಪು, ಅಂಚಿಗೆ ತಡೆ ಸಾಲದು ಎಂದು ಅವರು ಹೇಳಿದ ಮೇಲೆ ನಾನು ಉಳಿದದ್ದೇ ಸರಿಯಾಯಿತು ಅನಿಸಿತು.

ಇಂಥ ಕಡೆ ಮಕ್ಕಳ ಟಿಕೆಟ್ಟಿಗೆ ಹೆಚ್ಚಾಗಿ ಎತ್ತರವೇ ಲೆಕ್ಕ, ವಯಸ್ಸಲ್ಲ. ಮಗನನ್ನು ಗೋಡೆಗೆ ಒರಗಿಸಿ ಅಳೆದರು. ಅದು ಅವನಿಗೆ ಆ ದಿನದ ದೊಡ್ಡ ಗೌರವ.

ಮಾಯ್ ಚೌ: ಇಳಿದರೆ ಗದ್ದೆ

ದಾರಿ ಇಲ್ಲಿನ ಒಂದೇ ದೋಷ. ಹನೋಯ್‌ನಿಂದ ಮೂರೂವರೆಯಿಂದ ನಾಲ್ಕು ಗಂಟೆ, ನಾವು ನಿನ್ ಬಿನ್‌ನಿಂದ ನೇರವಾಗಿ ಬಂದದ್ದಕ್ಕೆ ನಿಲ್ಲಿಸುತ್ತ ನಿಲ್ಲಿಸುತ್ತ ಐದು ಗಂಟೆ ಹಿಡಿಯಿತು. ತುಂಗ್ ಖೆ ಘಾಟಿಯ ತಿರುವಿನಲ್ಲಿ ಮಗ ಎರಡು ಸಲ ವಾಂತಿ ಮಾಡಿದ. ಆಗುಂಬೆ ಘಾಟಿ ಹತ್ತುವಾಗಿನ ಎಚ್ಚರವೇ ಇಲ್ಲೂ ಸಾಕು: ಹೊಟ್ಟೆ ತುಂಬಾ ತಿನ್ನಿಸಬೇಡಿ, ನಿಂಬೆಹಣ್ಣು ಕೈಯಲ್ಲಿರಲಿ.

ಘಾಟಿ ಇಳಿದರೆ ಸುತ್ತ ಬೆಟ್ಟ, ನಡುವೆ ತಟ್ಟೆಯಂಥ ಕಣಿವೆ, ತಟ್ಟೆ ತುಂಬ ಗದ್ದೆ. ಇಲ್ಲಿರುವವರು ಬಿಳಿ ಥಾಯ್ ಜನ. ಮನೆಗಳು ಕಂಬಗಳ ಮೇಲೆ, ಏಣಿಯಂಥ ಮೆಟ್ಟಿಲು ಹತ್ತಿ ಹೋಗಬೇಕು. ಸೀಳಿದ ಬಿದಿರಿನ ನೆಲ, ನಡೆದರೆ ಕಿರ್ ಎನ್ನುತ್ತದೆ. ರಾತ್ರಿ ನೆಲದ ಮೇಲೆ ಹಾಸಿಗೆ, ಸೊಳ್ಳೆಪರದೆ, ಎಲ್ಲರೂ ಸಾಲಾಗಿ ಮಲಗುವುದು. ಹಿಂದೆ ದನ, ಎಮ್ಮೆ ಕಟ್ಟುತ್ತಿದ್ದ ಕೆಳಗಿನ ಜಾಗದಲ್ಲಿ ಈಗ ಮಗ್ಗ, ಸೈಕಲ್ಲು. ಮೆಟ್ಟಿಲಿಗೆ ಬಾಗಿಲಿಲ್ಲದಿದ್ದುದರಿಂದ ಮೊದಲ ದಿನ ನನಗೆ ಬೆನ್ ಟ್ರೆಯ ಭಯವೇ ಮರುಕಳಿಸಿತು. ಮನೆಯ ಅಜ್ಜಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ಒಂದು ಬಿದಿರು ಗಳುವನ್ನು ಅಡ್ಡ ಕಟ್ಟಿದರು. ಮಾತೇ ಬೇಕಾಗಲಿಲ್ಲ.

ಬೆಳಗ್ಗೆ ಆರಕ್ಕೆ ಮಗ ಎದ್ದ, ಮೆಟ್ಟಿಲಿಳಿದ, ಹತ್ತು ಹೆಜ್ಜೆಗೆ ಗದ್ದೆ ಅಂಚು. ಪಕ್ಕದ ಕಾಲುವೆಯಲ್ಲಿ ಅವನ ಮೊಣಕಾಲಿನಷ್ಟೇ ನೀರು. ಬಾತುಕೋಳಿ ಮರಿಗಳ ಹಿಂದೆ ಹೋದ, ಕೆಸರಿಗೆ ಬಿದ್ದ, ಎದ್ದ, ಮತ್ತೆ ಹೋದ. ನಾಲ್ಕು ದಿನವೂ ನಮ್ಮ ಕಾರ್ಯಕ್ರಮ ಇಷ್ಟೇ. ಬಾನ್ ಲಾಕ್‌ನಿಂದ ಪಕ್ಕದ ಪೊಮ್ ಕೂಂಗ್‌ಗೆ, ಅಲ್ಲಿಂದಾಚೆಯ ಹಳ್ಳಿಗಳಿಗೆ ಸೈಕಲ್‌ನಲ್ಲಿ ಹೋಗುವುದು, ಅವನು "ಇಳೀತೀನಿ" ಅಂದಲ್ಲಿ ಇಳಿಸುವುದು. ಒಂದು ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೂ ಕೇಳುವವರಿಲ್ಲ. ಅಲ್ಲಿನ ಎಮ್ಮೆಯ ಕೊಂಬು ನಮ್ಮದರಂತೆ ಸುರುಳಿಯಲ್ಲ, ಬಿಲ್ಲಿನಂತೆ ಅಗಲವಾಗಿ ಹಿಂದಕ್ಕೆ ಬಾಗಿರುತ್ತದೆ. ಅದನ್ನು ಮೊದಲು ಗುರುತಿಸಿದ್ದು ಮಗಳು.

ಒಂದು ಮಧ್ಯಾಹ್ನ ಅಪ್ಪನಿಗೆ ವಿಡಿಯೊ ಕರೆ ಮಾಡಿ ಗದ್ದೆ ತೋರಿಸಿದೆ. ಅವರು ಬೆಟ್ಟದ ಬಗ್ಗೆ ಏನೂ ಕೇಳಲಿಲ್ಲ. "ತೆನೆ ಹತ್ತಿರ ಹಿಡಿ" ಅಂದರು. ಹಿಡಿದೆ. "ವರ್ಷಕ್ಕೆ ಎಷ್ಟು ಬೆಳೆ?" ಮನೆಯವರನ್ನು ಮೊಬೈಲ್ ಅನುವಾದದಲ್ಲಿ ಕೇಳಿದೆ, ಎರಡು ಬೆರಳು ತೋರಿಸಿದರು. ಜೂನ್‌ಗೆ ಒಂದು ಕೊಯ್ಲು, ಅಕ್ಟೋಬರ್ ಹೊತ್ತಿಗೆ ಇನ್ನೊಂದು. ಮೆಕಾಂಗ್ ಕಡೆ ಮೂರು ಬೆಳೆ ತೆಗೆಯುವುದೂ ಉಂಟು ಅಂದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗಳು ಒಂದು ಕಾಳು ಸುಲಿದು ಕ್ಯಾಮೆರಾಗೆ ಹಿಡಿದು, "ಅಜ್ಜಾ, ಒಳಗೆ ಅಕ್ಕಿ ಇದೆ!" ಎಂದು ಕೂಗಿದಳು. ಏಳು ವರ್ಷ ಅನ್ನ ಉಂಡ ಮಗು ಅದನ್ನು ಕಂಡದ್ದು ಆವತ್ತೇ.

ಸಂಜೆ ಬಿದಿರುಗಳ ಕುಣಿತವಿರುತ್ತದೆ. ನೆಲದ ಹತ್ತಿರ ಉದ್ದ ಗಳುಗಳನ್ನು ತಾಳಕ್ಕೆ ಕೂಡಿಸುತ್ತ ಬಿಡಿಸುತ್ತ ಇರುತ್ತಾರೆ, ನಡುವೆ ಕಾಲು ಸಿಕ್ಕದಂತೆ ಹಾರಬೇಕು. ಕುಂಟೆಬಿಲ್ಲೆ ಆಡಿದ ಕಾಲಿಗೆ ಬೇಗ ಒಗ್ಗುತ್ತದೆ. ಶನಿವಾರ ಭಾನುವಾರ ಮಾತ್ರ ಹೋಗಬೇಡಿ. ನಗರದ ಗುಂಪುಗಳು ಬಂದು ತಡರಾತ್ರಿವರೆಗೆ ಕರೋಕೆ ಹಾಡುತ್ತವೆ, ಬಿದಿರಿನ ಗೋಡೆ ಯಾವ ಸದ್ದನ್ನೂ ತಡೆಯುವುದಿಲ್ಲ.

ಊಟ, ವೀಸಾ ಇತ್ಯಾದಿ

ನಾವು ಸಸ್ಯಾಹಾರಿಗಳು. "ಚಾಯ್" ಎಂದರೆ ಅಲ್ಲಿ ಸಸ್ಯಾಹಾರ. ಬೌದ್ಧರಲ್ಲಿ ಅನೇಕರು ಚಾಂದ್ರಮಾನದ ತಿಂಗಳ ಮೊದಲ ಮತ್ತು ಹದಿನೈದನೇ ದಿನ ಅದನ್ನೇ ಉಣ್ಣುವುದರಿಂದ ಆ ಮಾತು ಎಲ್ಲರಿಗೂ ಗೊತ್ತು. ಆದರೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರದ ಹನಿ ಬೀಳುತ್ತದೆ, ಪ್ರತಿ ಸಲ ಹೇಳಲೇಬೇಕು. ಹೊಯ್ ಆನ್‌ನಲ್ಲಿ ಅಕ್ಕಿಹಿಟ್ಟು, ಅರಿಶಿನದ ಬಾನ್ ಸೆಯೊ ಮಾಂಸವಿಲ್ಲದೆ ಸಿಕ್ಕಿತು, ಮಕ್ಕಳು ದೋಸೆಯೆಂದೇ ತಿಂದರು. ಮಾಯ್ ಚೌನಲ್ಲಿ ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅಂಟು ಅನ್ನ, ಟೊಮೆಟೊದಲ್ಲಿ ಬೆಂದ ತೋಫು. ಉಳಿದಂತೆ ಬಿಳಿ ಅನ್ನ ಎಲ್ಲ ಕಡೆ ಇದೆ, ನಮ್ಮ ಚೀಲದಲ್ಲಿ ತುಪ್ಪ, ಚಟ್ನಿಪುಡಿ, ಅವಲಕ್ಕಿ ಇದ್ದವು. ಮೊಸರು ಹೆಚ್ಚಾಗಿ ಸಿಹಿಯದು, ಮೊಸರನ್ನಕ್ಕೆ ಬರುವುದಿಲ್ಲ.

ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, ಮಕ್ಕಳಿಗೂ ಬೇಕು. 2025ರ ಜುಲೈ 1ರಿಂದ ಅಲ್ಲಿನ 63 ಪ್ರಾಂತ್ಯಗಳನ್ನು ಕೂಡಿಸಿ 34 ಮಾಡಿದ್ದಾರೆ. ಬೆನ್ ಟ್ರೆ ಈಗ ವಿನ್ ಲಾಂಗ್‌ಗೆ, ಮಾಯ್ ಚೌ ಫೂ ಥೊಗೆ, ಹೊಯ್ ಆನ್ ದಾ ನಾಂಗ್‌ಗೆ ಸೇರಿವೆ. ಹಳೇ ವಿಳಾಸಕ್ಕೂ ಹೊಸ ನಕ್ಷೆಗೂ ತಾಳೆಯಾಗದಿದ್ದರೆ ಗಾಬರಿ ಬೇಡ.

ಮತ್ತೆ ಹೋದರೆ ನಾನು ಬೆನ್ ಟ್ರೆ ಕೈಬಿಟ್ಟು ಮಾಯ್ ಚೌಗೆ ಆರು ರಾತ್ರಿ ಕೊಡುತ್ತೇನೆ, ನಿನ್ ಬಿನ್‌ಗೆ ಎರಡು. ಮಗಳು ಒಪ್ಪುವುದಿಲ್ಲ. ಅವಳ ಲೆಕ್ಕದಲ್ಲಿ ನಿನ್ ಬಿನ್ ಮೊದಲು. ಶಾಲೆ ಶುರುವಾಗಿ ಎರಡು ತಿಂಗಳಾದರೂ, ಊಟದ ಮೇಜಿನ ಕೆಳಗೆ ಎರಡು ಪೊರಕೆಗಳನ್ನು ಪಾದಕ್ಕೆ ಸಿಕ್ಕಿಸಿಕೊಂಡು, ತಮ್ಮನನ್ನು ಎದುರಿಗೆ ಕೂರಿಸಿ ಹುಟ್ಟು ಹಾಕುತ್ತಾಳೆ. ಅವನು "ಇಳೀತೀನಿ" ಅಂದರೆ ದೋಣಿ ನಿಲ್ಲಿಸುತ್ತಾಳೆ.